ದಿಲ್ಲಿಯ ಲೆಕ್ಕದ ಮೇಷ್ಟ್ರು

ಪ್ರತಿ ತರಗತಿಯಲ್ಲೂ ಒಬ್ಬ ಕುಡುಮಿ ಇದ್ದೇ ಇರ್ತಾನೆ. ಮೊದಲ ಬೆಂಚಿನ ಮೂಲೆಯಲ್ಲಿ ಕೂರುವವನು, ಕ್ಯಾಂಟೀನಿಗೆ ಕರೆದರೆ ಬಾರದವನು, ಮಾತಾಡಿಸಿದರೆ ಬೆವರುವವನು. ಅವನನ್ನು ಗೇಲಿ ಮಾಡುವ ಗುಂಪಿನಲ್ಲಿ ನಾವೆಲ್ಲ ಒಂದಲ್ಲ ಒಂದು ದಿನ ನಿಂತವರೇ. ಅಂಥವನೊಬ್ಬನ ಕಥೆ ಇದು. ಸತ್ತು ನೂರು ವರ್ಷದ ಮೇಲಾಗಿದೆ. ಗಣಿತದ ಚರಿತ್ರೆ ಓದಿದವರಿಗೆ, ಉರ್ದು ಬಲ್ಲವರಿಗೆ ಮಾಸ್ಟರ್ ರಾಮಚಂದ್ರ ಎಂಬ ಹೆಸರು ಚಿರಪರಿಚಿತ; ನಮ್ಮ ಕಡೆ ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ.

ರಾಮಚಂದ್ರ ಹುಟ್ಟಿದ್ದು 1821ರಲ್ಲಿ, ದಿಲ್ಲಿಯ ಉತ್ತರಕ್ಕಿರುವ ಪಾಣಿಪತ್ತಿನಲ್ಲಿ. ಯುದ್ಧಗಳ ಇಸವಿ ಬಾಯಿಪಾಠ ಮಾಡಿದ್ದೆವಲ್ಲ, ಅದೇ ಊರು. ಕಾಯಸ್ಥರ ಮನೆ. ತಂದೆ ಸುಂದರಲಾಲ್ ಕಂದಾಯದ ಕೆಲಸದಲ್ಲಿದ್ದವನು. ಹುಡುಗನಿಗೆ ಹೆಚ್ಚುಕಡಿಮೆ ಹತ್ತು ತುಂಬುವಾಗ ತಂದೆ ತೀರಿಕೊಂಡ. ಆರು ಗಂಡುಮಕ್ಕಳ ಭಾರ ತಾಯಿಯ ತಲೆಯ ಮೇಲೆ ಬಿತ್ತು. ಬಾಲಕನಾಗಿದ್ದಾಗಲೇ ಮದುವೆಯೂ ಆಯಿತು. ಹೆಣ್ಣು ಶ್ರೀಮಂತರ ಮನೆಯದು. ಆದರೆ ಆ ಹುಡುಗಿಗೆ ಕಿವಿಯೂ ಕೇಳಿಸದು, ಮಾತೂ ಬಾರದು ಎಂಬ ಸಂಗತಿ ಮದುವೆಯಾದ ಮೇಲೆ ತಿಳಿಯಿತು. ಅವಳ ಪಾಡೂ ಸುಲಭದ್ದಾಗಿರಲಾರದು. ಇಬ್ಬರೂ ಮಕ್ಕಳು, ಒಬ್ಬರಿಗೊಬ್ಬರು ಒಂದು ಮಾತು ಆಡುವಂತಿಲ್ಲ.

1833ರಲ್ಲಿ ದಿಲ್ಲಿಯ ಸರ್ಕಾರಿ ಇಂಗ್ಲಿಷ್ ಶಾಲೆಗೆ ಸೇರಿದ. ಅಲ್ಲಿ ಗಣಿತಕ್ಕೆ ಅಂಥ ಮಹತ್ವವಿರಲಿಲ್ಲ. ಸಿಕ್ಕ ಪುಸ್ತಕ ಹಿಡಿದುಕೊಂಡು ಮನೆಯಲ್ಲೇ ಕೂತು ಲೆಕ್ಕ ಬಿಡಿಸುತ್ತಿದ್ದ. ಮಾತಿಲ್ಲದ ಮನೆಯಲ್ಲಿ ಬೀಜಗಣಿತವೇ ಮಾತಾಗಿತ್ತೋ ಏನೋ ಅಂತ ನನಗನ್ನಿಸುತ್ತೆ. ಮುಂದೆ ಬಡತನಕ್ಕೆ ಶಾಲೆ ಬಿಟ್ಟು ಕೆಲಕಾಲ ಗುಮಾಸ್ತಗಿರಿ ಮಾಡಿದ. 1841ರಲ್ಲಿ ಪರೀಕ್ಷೆ ಕೂತು ವಿದ್ಯಾರ್ಥಿವೇತನ ಗೆದ್ದು ದಿಲ್ಲಿ ಕಾಲೇಜಿಗೆ ಮರಳಿದ.

ಈ ಕಾಲೇಜಿನ ವಿಷಯ ಸ್ವಲ್ಪ ಹೇಳಲೇಬೇಕು. ಅಜ್ಮೇರಿ ಗೇಟಿನ ಹಳೇ ಮದರಸಾದಲ್ಲಿ 1825ರಲ್ಲಿ ಶುರುವಾಗಿ, ಆಮೇಲೆ ಕಾಶ್ಮೀರಿ ಗೇಟಿನ ಕಡೆಗೆ ಹೋದದ್ದು. ಇವತ್ತಿನ ಜಾಕಿರ್ ಹುಸೇನ್ ಕಾಲೇಜು ತಾನು ಅದರ ವಾರಸುದಾರ ಅಂತ ಹೇಳಿಕೊಳ್ಳುತ್ತದೆ. ಅಲ್ಲಿನ ವಿಶೇಷ ಏನೆಂದರೆ ಖಗೋಳ, ಬೀಜಗಣಿತ, ಕಲನಶಾಸ್ತ್ರ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸುತ್ತಿದ್ದರು. ಪಠ್ಯಪುಸ್ತಕ ಇರಲಿಲ್ಲ, ಅನುವಾದ ಮಾಡಿಕೊಳ್ಳಬೇಕಾಗಿತ್ತು. 1844ರಲ್ಲಿ ರಾಮಚಂದ್ರನಿಗೆ ಅಲ್ಲೇ ವಿಜ್ಞಾನದ ಅಧ್ಯಾಪಕನ ಕೆಲಸ ಸಿಕ್ಕಿತು. ಆಗ ವಯಸ್ಸು ಇಪ್ಪತ್ತಮೂರು. ಇನ್ನು ಮೇಲೆ ಮೇಷ್ಟ್ರಲ್ಲವೇ, ಬಹುವಚನ ಹಾಕೋಣ.

ಮೂಲೆಯಲ್ಲಿ ಕೂರುತ್ತಿದ್ದ ಹುಡುಗನಿಗೆ ಕರಿಹಲಗೆಯ ಮುಂದೆ ನಾಲಿಗೆ ಬಂತು. ಇಂಗ್ಲಿಷಿನ ಪುಸ್ತಕಗಳನ್ನು ಉರ್ದುವಿಗೆ ತಂದರು, ತಾವೂ ಬರೆದರು. 1845ರಲ್ಲಿ ಒಂದು ಪತ್ರಿಕೆ, 1847ರಲ್ಲಿ ಇನ್ನೊಂದು ಹೊರಡಿಸಿದರು. ಭೂಮಿ ನಡುವೆ ನಿಂತಿದೆ, ಸೂರ್ಯ ಸುತ್ತುತ್ತಾನೆ ಎಂಬ ಹಳೆಯ ಸಿದ್ಧಾಂತ ಕೇಳಿದರೆ ಅವರ ವಿದ್ಯಾರ್ಥಿಗಳು ನಗುವಂತಾಯಿತು; ಊರಿನ ದೊಡ್ಡ ಪಂಡಿತರಿಗೆ ಇದು ಸರಿಬೀಳಲಿಲ್ಲ. ಆ ಬೆಂಚುಗಳಲ್ಲಿ ಕೂತವರಲ್ಲಿ ಮುಂದೆ ಉರ್ದು ಕಾದಂಬರಿಗೆ ಹೆಸರಾದ ನಜೀರ್ ಅಹ್ಮದ್ ಇದ್ದರು, ಜಕಾವುಲ್ಲಾ ಇದ್ದರು. ಜಕಾವುಲ್ಲಾ ಲೆಕ್ಕದಲ್ಲಿ ಮೇಷ್ಟರ ಅಚ್ಚುಮೆಚ್ಚಿನ ಶಿಷ್ಯ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಲೆಕ್ಕ ಕಲಿತು, ಪಿ.ಯು.ಸಿ.ಯಲ್ಲಿ ಬಾಯಿ ಕಟ್ಟಿದ ಹಾಗೆ ಕೂತ ನನ್ನಂಥವರಿಗೆ ಆ ತರಗತಿಯ ಮೇಲೆ ಹೊಟ್ಟೆಕಿಚ್ಚಾಗುತ್ತೆ.

1850ರಲ್ಲಿ ಕೈಯಿಂದ ದುಡ್ಡು ಹಾಕಿ ಕಲ್ಕತ್ತದಲ್ಲಿ ಒಂದು ಇಂಗ್ಲಿಷ್ ಪುಸ್ತಕ ಅಚ್ಚು ಮಾಡಿಸಿದರು. ವಿಷಯ ಗರಿಷ್ಠ, ಕನಿಷ್ಠ. ನಮ್ಮ ಬಿ.ಕಾಂ. ಗಣಿತದಲ್ಲಿ ಲಾಭ ಅತಿ ಹೆಚ್ಚು ಆಗುವುದು ಯಾವಾಗ ಅಂತ ಕೇಳಿದರೆ ಡೆರಿವೇಟಿವ್ ತೆಗೆದು ಸೊನ್ನೆಗೆ ಸಮ ಮಾಡುತ್ತೇವಲ್ಲ, ರಾಮಚಂದ್ರರು ಅದಿಲ್ಲದೆ ಬರಿಯ ಬೀಜಗಣಿತದಿಂದ ಮಾಡಿದರು. ಉದಾಹರಣೆಗೆ, 10ನ್ನು ಎರಡು ಭಾಗ ಮಾಡಿ ಗುಣಿಸಿದರೆ ಬರುವ ದೊಡ್ಡ ಮೊತ್ತ ಯಾವುದು? ಒಂದು ಭಾಗ ಕ, ಗುಣಲಬ್ಧ ಗ ಅಂತಿಟ್ಟುಕೊಂಡರೆ ಒಂದು ವರ್ಗಸಮೀಕರಣ ಬರುತ್ತದೆ. ಅದಕ್ಕೆ ನಿಜವಾದ ಉತ್ತರ ಇರಬೇಕಾದರೆ 100ರಿಂದ 4ಗ ಕಳೆದಾಗ ಸೊನ್ನೆಗಿಂತ ಕಡಿಮೆ ಆಗಕೂಡದು. ಅಂದಮೇಲೆ ಗ 25ನ್ನು ದಾಟುವಂತಿಲ್ಲ. ಭಾಗಗಳು 5 ಮತ್ತು 5. ಮುಗಿಯಿತು. ಇದೇ ಹಾದಿಯಲ್ಲಿ ಎಷ್ಟೋ ಕಠಿಣ ಲೆಕ್ಕಗಳನ್ನು ಬಿಡಿಸಿದರು. ಭಾಸ್ಕರಾಚಾರ್ಯನ ನಾಡಿನವರಿಗೆ ಬೀಜಗಣಿತ ರಕ್ತದಲ್ಲಿದೆ, ಆ ಬಾಗಿಲಿನಿಂದಲೇ ಹೊಸ ಗಣಿತಕ್ಕೆ ಕರೆದೊಯ್ಯಬೇಕು ಎಂಬುದು ಅವರ ವಿಚಾರ. (ಭಾಸ್ಕರ ಬಿಜಾಪುರದವನು ಅಂತ ನಾವು ಹೇಳಿಕೊಳ್ಳುತ್ತೇವೆ, ಅದು ಬೇರೆ ಮಾತು.)

ಕಲ್ಕತ್ತದ ವಿಮರ್ಶಕರು ಪುಸ್ತಕವನ್ನು ಹಳಿದರು. ದಿಲ್ಲಿಯ ಸ್ಥಳೀಯ ಮೇಷ್ಟ್ರಿಗೆ ಇದೆಲ್ಲ ಯಾಕೆ ಅನ್ನೋ ಧಾಟಿ. ಆದರೆ ಅಲ್ಲೇ ಇದ್ದ ಬೆಥೂನ್ ಎಂಬ ಅಧಿಕಾರಿ, ಹೆಣ್ಣುಮಕ್ಕಳ ಶಾಲೆ ತೆರೆದ ಪುಣ್ಯಾತ್ಮ, ಪ್ರತಿಗಳನ್ನು ಕೊಂಡು ಲಂಡನ್ನಿನ ಆಗಸ್ಟಸ್ ಡಿ ಮಾರ್ಗನ್‌ರಿಗೆ ಕಳಿಸಿದ. ಸೆಟ್ ಪಾಠದಲ್ಲಿ ಡಿ ಮಾರ್ಗನ್ ನಿಯಮ ಉರು ಹೊಡೆದಿದ್ದೆವಲ್ಲ, ಅವರೇ. ಈತ ಹುಟ್ಟಿದ್ದು 1806ರಲ್ಲಿ ನಮ್ಮ ಮಧುರೆಯಲ್ಲಿ. ಕೂಸಾಗಿದ್ದಾಗಲೇ ಒಂದು ಕಣ್ಣು ಹೋಗಿತ್ತು. ಶಾಲೆಯಲ್ಲಿ ಆಟಕ್ಕೆ ಸೇರಲಾರದೆ ಹುಡುಗರ ಕೀಟಲೆಗೆ ಸಿಕ್ಕಿದವರು. ಕುಡುಮಿಯ ಬೆಲೆ ಕುಡುಮಿಗೇ ಗೊತ್ತಾಯಿತು. ಈ ಪುಸ್ತಕಕ್ಕೆ ಮನ್ನಣೆ ಸಿಗಬೇಕೆಂದು ಅವರು ಕಂಪನಿಯ ನಿರ್ದೇಶಕರ ಬೆನ್ನು ಹತ್ತಿದರು.

ಅಷ್ಟರಲ್ಲಿ ಇಲ್ಲಿ ಬೇರೆಯೇ ಆಯಿತು. ಒಮ್ಮೆ ಇಗರ್ಜಿಯಲ್ಲಿ ಇಂಗ್ಲಿಷರು ಮಂಡಿಯೂರಿ ಪ್ರಾರ್ಥಿಸುವುದನ್ನು ಕಂಡಂದಿನಿಂದ ರಾಮಚಂದ್ರರ ಮನಸ್ಸು ಆ ಕಡೆ ಹರಿದಿತ್ತು. 1852ರಲ್ಲಿ ಗೆಳೆಯ ಡಾಕ್ಟರ್ ಚಿಮನ್ ಲಾಲ್ ಜೊತೆ ಕ್ರೈಸ್ತರಾದರು. ಊರೆಲ್ಲ ಗುಲ್ಲೆದ್ದಿತು, ಜಾತಿಯವರು ದೂರವಾದರು. 1857ರ ಮೇ 11ರಂದು ದಂಗೆ ದಿಲ್ಲಿಗೆ ಬಂದಾಗ ಚಿಮನ್ ಲಾಲ್ ಕೊಲೆಯಾದ. ಕಾಲೇಜಿನ ಪ್ರಿನ್ಸಿಪಾಲ್ ಟೇಲರ್ ಸತ್ತರು, ಪುಸ್ತಕ ಭಂಡಾರ ಲೂಟಿಯಾಯಿತು. ರಾಮಚಂದ್ರರನ್ನು ಬಚ್ಚಿಟ್ಟು ಉಳಿಸಿದವರು ಹಿಂದೂಗಳಾಗಿಯೇ ಇದ್ದ ಅವರ ಬಂಧುಗಳು. ಆಮೇಲೆ ಹಳ್ಳಿಯೊಂದಕ್ಕೆ ಓಡಿ, ಅಲ್ಲಿಂದ ಇಂಗ್ಲಿಷರ ಪಾಳೆಯ ಸೇರಿದರು.

ಊರು ಮತ್ತೆ ಇಂಗ್ಲಿಷರ ಕೈಸೇರಿದ ಮೇಲಾದರೂ ನೆಮ್ಮದಿ ಸಿಕ್ಕಿತೇ? ಇಲ್ಲ. ನೆರೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ಅವರ ಮನೆಯ ಮೇಲೆ ಕಲ್ಲು ತೂರುತ್ತಿದ್ದರು. ಬೀದಿಯಲ್ಲಿ ಒಬ್ಬ ಅಧಿಕಾರಿ ತಲೆಗೆ ಬಾರಿಸಿದ. ಕ್ರೈಸ್ತನೆಂದು ಹೇಳಿಕೊಂಡರೂ ಬಣ್ಣ ಕಪ್ಪೇ ಅಲ್ಲವೇ! ನವೆಂಬರಿನಲ್ಲಿ ಸೈನ್ಯದ ಗವರ್ನರನಿಗೆ ದೂರು ಬರೆದರು. ಬಂಡಾಯಗಾರರಿಂದ ತಪ್ಪಿಸಿಕೊಂಡವನು ಸ್ವಧರ್ಮದವರಿಂದಲೇ ಹೊಡೆತ ತಿಂದ ಸಂಕಟ ಅವರನ್ನು ಎಷ್ಟು ಹಿಂಡಿರಬೇಕು.

1858ರಲ್ಲಿ ರೂರ್ಕಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅದೇ ವರ್ಷ ದಿಲ್ಲಿಯ ಜಿಲ್ಲಾ ಶಾಲೆಗೆ ಹೆಡ್‌ಮಾಸ್ತರರಾಗಿ ಬಂದರು. ಡಿ ಮಾರ್ಗನ್‌ರ ಪ್ರಯತ್ನ ಫಲಿಸಿ, ಸರ್ಕಾರದಿಂದ ಖಿಲ್ಲತ್ತು ಮತ್ತು 2000 ರೂಪಾಯಿ ಬಹುಮಾನ ಬಂತು. 1859ರಲ್ಲಿ ಪುಸ್ತಕ ಲಂಡನ್ನಿನಲ್ಲಿ ಡಿ ಮಾರ್ಗನ್‌ರ ಉದ್ದದ ಮುನ್ನುಡಿಯೊಂದಿಗೆ ಮತ್ತೆ ಅಚ್ಚಾಯಿತು. ಆರೋಗ್ಯ ಕೆಟ್ಟು 1866ರಲ್ಲಿ ನಿವೃತ್ತರಾದರು. ಮುಂದೆ ಪಟಿಯಾಲದ ಮಹಾರಾಜನಿಗೆ ಪಾಠ ಹೇಳಿದರು, ಆ ಸಂಸ್ಥಾನದ ವಿದ್ಯಾ ಇಲಾಖೆಯನ್ನೂ ನೋಡಿಕೊಂಡರು. 1880ರಲ್ಲಿ ತೀರಿಕೊಂಡರು.

ಜಕಾವುಲ್ಲಾ ಅಲಹಾಬಾದಿನ ಮ್ಯೂರ್ ಕಾಲೇಜಿನಲ್ಲಿ ಅಧ್ಯಾಪಕರಾಗಿ, 1910ರವರೆಗೆ ಬದುಕಿದ್ದರು. ಗಣಿತದ ಪುಸ್ತಕಗಳನ್ನು ರಾಶಿ ರಾಶಿ ಬರೆದರು, ಎಲ್ಲವೂ ಉರ್ದುವಿನಲ್ಲಿ.