ಕಡಲೆಕಾಯಿಯಿಂದ ಚರ್ಮಕ್ಕೆ ಬಣ್ಣ: ಕಾರ್ವರರ ಬದುಕು

ಕಡಲೆಕಾಯಿ ಬೆಳೆಯುವ ಪ್ರತಿಯೊಬ್ಬ ರೈತನೂ ತಿಳಿದಿರಬೇಕಾದ ಹೆಸರು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಬಟ್ಟೆ, ಮರ, ಚರ್ಮಗಳಿಗೆ ಹಾಕುವ ಬಣ್ಣವನ್ನು ಪೇಟೆಯಿಂದ ತರದೆ ಹೊಲದ ಬೆಳೆಯಿಂದ, ಕಾಲಕೆಳಗಿನ ಮಣ್ಣಿನಿಂದ ಪಡೆಯಲು ದುಡಿದ ಕೃಷಿ ವಿಜ್ಞಾನಿ ಅವರು.

ಕಾರ್ವರ್ ಹುಟ್ಟಿದ್ದು ಅಮೆರಿಕದ ಮಿಸ್ಸೌರಿಯಲ್ಲಿ, ಸುಮಾರು 1864ರಲ್ಲಿ, ಗುಲಾಮ ತಾಯಿಯ ಮಗನಾಗಿ. ಹಸುಗೂಸಾಗಿದ್ದಾಗಲೇ ಕಳ್ಳರು ತಾಯಿ ಮಗು ಇಬ್ಬರನ್ನೂ ಹೊತ್ತೊಯ್ದರು. ಮರಳಿ ಸಿಕ್ಕಿದ್ದು ಮಗು ಮಾತ್ರ. ಒಡೆಯನ ಮನೆಯಲ್ಲಿ ಬೆಳೆದ ಆ ರೋಗಿಷ್ಟ ಹುಡುಗ ಅಡಿಗೆ, ಹೊಲಿಗೆ, ಬಟ್ಟೆ ಒಗೆಯುವ ಕೆಲಸ ಕಲಿತ. ಮುಂದೆ ಓದಿನ ಖರ್ಚಿಗೆ ಈ ಕೆಲಸಗಳೇ ಕೈಹಿಡಿದವು. ಒಂದು ಕಾಲೇಜು ಮೈಬಣ್ಣ ಕಂಡು ಬಾಗಿಲು ಮುಚ್ಚಿತು. ಆದರೂ ಎದೆಗುಂದದೆ ಅಯೋವಾ ಕೃಷಿ ಕಾಲೇಜಿನಲ್ಲಿ ಓದಿ, 1896ರಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಅದೇ ವರ್ಷ ಅಲಬಾಮಾದ ಟಸ್ಕೆಗೀ ವಿದ್ಯಾಸಂಸ್ಥೆಗೆ ಬಂದರು. ಅಲ್ಲಿ ಪ್ರಯೋಗಶಾಲೆಯೇ ಇರಲಿಲ್ಲ. ಕಸದಲ್ಲಿ ಬಿದ್ದಿದ್ದ ಸೀಸೆ, ಡಬ್ಬಗಳನ್ನು ಆರಿಸಿ ತಂದು ಅದನ್ನು ಕಟ್ಟಿದರು. ಸುತ್ತಲಿನ ಹೊಲಗಳು ವರ್ಷವೂ ಹತ್ತಿ ಬೆಳೆದು ಸೊರಗಿದ್ದವು. ಸಾಲದ್ದಕ್ಕೆ ಹತ್ತಿಕಾಯಿಗೆ ಮೂತಿಹುಳು ಬಿತ್ತು. ಬೇರುಗಂಟಿನಿಂದ ನೆಲಕ್ಕೆ ಸಾರಜನಕ ಕೂಡಿಸುವ ಕಡಲೆಕಾಯಿ, ಅಲಸಂದೆಗಳನ್ನು ಬೆಳೆಯಿರೆಂದು ಅವರು ಹೇಳಿದರು. 1906ರಿಂದ ಪ್ರದರ್ಶನದ ಬಂಡಿಯೇ ಹಳ್ಳಿಗಳಿಗೆ ಹೋಯಿತು.

ಬೆಳೆದರೆ ಸಾಲದು, ಮಾರಾಟವಾಗಬೇಕಲ್ಲ! ಅದಕ್ಕಾಗಿ ಕಡಲೆಕಾಯಿಯ ಹೊಸ ಉಪಯೋಗಗಳನ್ನು ಹುಡುಕಿದರು. ಅವರ ಪಟ್ಟಿಯಲ್ಲಿ ತಿನಿಸುಗಳ ಜೊತೆಗೆ ಚರ್ಮದ ಬಣ್ಣಗಳೂ ಇವೆ. ಸಿಹಿಗೆಣಸಿನ ಪಟ್ಟಿಯಲ್ಲಿ ಬೂಟಿನ ಕರಿಬಣ್ಣವಿದೆ. ಮನೆಗೋಡೆಗೆ ಊರ ಮಣ್ಣಿನ ಬಣ್ಣ ಬಳಿಯುವ ಬಗೆಯನ್ನು 1911ರ ಕಿರುಹೊತ್ತಗೆಯಲ್ಲಿ ತಿಳಿಸಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಬಣ್ಣ ಬರುವುದು ನಿಂತಾಗ ಗಿಡಮೂಲಿಕೆಗಳ ಬಣ್ಣಕ್ಕೆ ಬೆಲೆ ಬಂತು.

ಆದರೆ ಒಂದು ಕೊರತೆ ಉಳಿಯಿತು. ಕಾರ್ವರ್ ಪಡೆದ ಪೇಟೆಂಟುಗಳು ಮೂರೇ: ಸೌಂದರ್ಯ ಸಾಧನಕ್ಕೆ ಒಂದು, ಬಣ್ಣಗಳಿಗೆ ಎರಡು. ಉಳಿದವುಗಳಲ್ಲಿ ಬಹುಪಾಲನ್ನು ಅಳತೆ, ವಿಧಾನ ಸಹಿತ ಬರೆದಿಡಲಿಲ್ಲ. 1943ರ ಜನವರಿ 5ರಂದು ಅವರು ತೀರಿಕೊಂಡಾಗ ಕೂಡಿಟ್ಟ ಹಣವೆಲ್ಲ ಸಂಶೋಧನೆಗೆ ಸಂದಿತು. ಆದರೆ ಅವರ ಕೈಯಲ್ಲಿದ್ದ ಎಷ್ಟೋ ಪಾಕಗಳು ಅವರೊಂದಿಗೇ ಹೋದವು.

ನಮ್ಮಲ್ಲೂ ಇಂಥ ಕೈಬಲ್ಮೆ ಇದೆ. ತಂಗಡಿ ತೊಗಟೆ, ಅಳಲೆಕಾಯಿಗಳ ಒಗರಿನಿಂದ ಹದಗೊಂಡ ತೊಗಲಿಗೆ, ತುಕ್ಕು ಮೊಳೆ ನೆನೆಸಿಟ್ಟ ಹುಳಿನೀರು ಸವರಿದರೆ ಒಗರೂ ಕಬ್ಬಿಣವೂ ಕೂಡಿ ಕಪ್ಪು ಬಣ್ಣ ಹಿಡಿಯುತ್ತದೆ. ಹೆಚ್ಚಾದರೆ ತೊಗಲು ಬಿರಿಯುತ್ತದೆ. ಮೊದಲು ಚೂರು ತೊಗಲಿನ ಮೇಲೆ ನೋಡಿ, ಆಮೇಲೆ ಚೆನ್ನಾಗಿ ತೊಳೆದು, ನೆರಳಲ್ಲಿ ಒಣಗಿಸಿ, ಎಣ್ಣೆ ಸವರಬೇಕು. ಎತ್ತಿನ ಕೊರಳಪಟ್ಟಿಗೂ ಮೆಟ್ಟಿಗೂ ಇದು ಸಾಕು.

ಇಂಥದನ್ನು ಬಲ್ಲ ಹಿರಿಯರು ನಿಮ್ಮೂರಿನಲ್ಲಿದ್ದರೆ, ಎಷ್ಟು ತೊಗಟೆ, ಎಷ್ಟು ನೀರು, ಎಷ್ಟು ದಿನ ಎಂಬುದನ್ನು ಇಂದೇ ಕೇಳಿ ಬರೆದಿಡಿ.