ಮರದ ಪರಿಚಯ ಉಂಟು, ಜಾಗದ ಕಾಗದ ಇಲ್ಲ: ರಬ್ಬರ್ ಟ್ಯಾಪರ್ ಶಿಕೊ ಮೆಂಡೆಸ್ ಬದುಕು

ಸುಳ್ಯ, ಕಡಬ, ಬೆಳ್ತಂಗಡಿ ಕಡೆ ಬೆಳಕು ಹರಿಯುವ ಮೊದಲೇ ತಲೆಗೆ ಲೈಟ್ ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೊರಡುವವರನ್ನು ಎಲ್ಲರೂ ನೋಡಿದ್ದಾರೆ. ಆ ಮರದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. ಅಲ್ಲಿಯೂ ಹೀಗೇ ತಲೆಗೆ ದೀಪ ಕಟ್ಟಿಕೊಂಡು ಕತ್ತಲಲ್ಲಿ ಮರ ಕೆತ್ತುತ್ತಾ ಬೆಳೆದವರು ಶಿಕೊ ಮೆಂಡೆಸ್. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಹೆಸರಿಗೆ ಒಂದು ಸೆಂಟ್ಸ್ ಜಾಗ ಇಲ್ಲದ ಮನೆಯಲ್ಲಿ ಹುಟ್ಟಿದವರು. ಆದರೆ ಕಾಡಿನ ಜಾಗ ಯಾರದ್ದು ಎಂಬ ಪ್ರಶ್ನೆಗೆ ಬ್ರೆಜಿಲ್ ಸರಕಾರ ಹೊಸದೊಂದು ಕಾನೂನು ಮಾಡುವ ಹಾಗೆ ಮಾಡಿದ್ದು ಅವರೇ. ಅದಕ್ಕೆ ಜೀವವನ್ನೂ ಕೊಡಬೇಕಾಯಿತು.

ಪೂರ್ತಿ ಹೆಸರು ಫ್ರಾನ್ಸಿಸ್ಕೊ ಅಲ್ವೆಸ್ ಮೆಂಡೆಸ್ ಫಿಲ್ಯು. ಫ್ರಾನ್ಸಿಸ್ಕೊ ಎಂಬ ಹೆಸರಿನವರನ್ನು ಆ ಕಡೆ ಶಿಕೊ ಅಂತ ಕರೆಯುವುದು ವಾಡಿಕೆ. ಹುಟ್ಟಿದ್ದು 1944ರ ಡಿಸೆಂಬರ್ 15ರಂದು, ಬ್ರೆಜಿಲಿನ ಪಶ್ಚಿಮದ ತುತ್ತತುದಿಯ ಆಕ್ರೆ ಪ್ರಾಂತ್ಯದಲ್ಲಿ, ಶಪುರಿ ಎಂಬ ನದಿ ದಡದ ಸಣ್ಣ ಪೇಟೆಯ ಹತ್ತಿರದ ರಬ್ಬರ್ ಎಸ್ಟೇಟಿನಲ್ಲಿ. ಆಕ್ರೆ ಪ್ರಾಂತ್ಯದ ಚರಿತ್ರೆಯೇ ಒಂದು ಜಾಗದ ತಕರಾರು ಅನ್ನಬಹುದು. 1903ರವರೆಗೆ ಅದು ಬೊಲಿವಿಯಾ ದೇಶಕ್ಕೆ ಸೇರಿತ್ತು. ರಬ್ಬರ್ ಆಸೆಗೆ ನುಗ್ಗಿದ ಬ್ರೆಜಿಲ್‌ನವರು ಶಪುರಿಯಿಂದಲೇ ಬಂಡಾಯ ಎಬ್ಬಿಸಿದರು. ಕೊನೆಗೆ ಬ್ರೆಜಿಲ್ 20 ಲಕ್ಷ ಪೌಂಡ್ ಕೊಟ್ಟು, ಒಂದು ರೈಲುಮಾರ್ಗ ಕಟ್ಟಿಕೊಡುವ ಮಾತೂ ಕೊಟ್ಟು ಇಡೀ ಪ್ರದೇಶವನ್ನು ತನ್ನದಾಗಿಸಿಕೊಂಡಿತು.

ಈ ಊರಿಗೆ ಹೋಗಬೇಕಾದರೆ ಆಗಿನ ಕಾಲದಲ್ಲಿ ನದಿಯೇ ದಾರಿ. ಸಾಮಾನು ತುಂಬಿದ ದೋಣಿ, ಸ್ಟೀಮರ್‌ಗಳು ಅಮೆಜಾನ್ ನದಿಯಿಂದ ಪುರುಸ್ ನದಿಗೆ ತಿರುಗಿ, ಅಲ್ಲಿಂದ ಆಕ್ರೆ ನದಿ ಹಿಡಿದು ಮೇಲಕ್ಕೆ ಬರಬೇಕು. ಮಳೆಗಾಲದಲ್ಲಿ ನೀರು ಏರಿದಾಗ ದೊಡ್ಡ ದೋಣಿ ಬಂದೀತು. ಬೇಸಗೆಯಲ್ಲಿ ನದಿ ಸೊರಗಿ ಮರಳು ದಿಬ್ಬ ಎದ್ದರೆ ಸಣ್ಣ ದೋಣಿಯೇ ಗತಿ. ನದಿಯಿಂದ ಒಳಗಿನ ಮನೆಗಳಿಗೆ ಕಾಲುದಾರಿ. ಸಾಮಾನು ಹೊರಲು ಹೇಸರಗತ್ತೆ, ಇಲ್ಲದಿದ್ದರೆ ಬೆನ್ನು. ಒಂದು ಮನೆಯಿಂದ ಪಕ್ಕದ ಮನೆಗೆ ಗಂಟೆಗಟ್ಟಲೆ ನಡಿಗೆ.

ಮನೆಗಳು ಅಷ್ಟು ದೂರ ಇರಲು ಕಾರಣ ಉಂಟು. ಅಲ್ಲಿ ರಬ್ಬರ್ ಇಲ್ಲಿಯ ಹಾಗೆ ಸಾಲಿನಲ್ಲಿ ನೆಟ್ಟ ತೋಟ ಅಲ್ಲ. ಕಾಡಿನಲ್ಲಿ ತಾನಾಗಿ ಬೆಳೆದ ಮರ, ಹೆಕ್ಟೇರಿಗೆ ಒಂದೋ ಎರಡೋ. ಹತ್ತಿರ ಹತ್ತಿರ ನೆಟ್ಟರೆ ಎಲೆಗೆ ಬರುವ ಒಂದು ಶಿಲೀಂಧ್ರ ರೋಗ ಇಡೀ ತೋಟವನ್ನೇ ಮುಗಿಸುತ್ತದೆ. ಕಾರು ಕಂಪೆನಿಯ ಹೆನ್ರಿ ಫೋರ್ಡ್ ಕೋಟಿಗಟ್ಟಲೆ ಸುರಿದು ಅಮೆಜಾನ್‌ನಲ್ಲಿ ರಬ್ಬರ್ ತೋಟ ಮಾಡಲು ಹೋಗಿ ಕೈ ಸುಟ್ಟುಕೊಂಡದ್ದು ಮುಖ್ಯವಾಗಿ ಇದೇ ರೋಗದಿಂದ. ಹಾಗಾಗಿ ಟ್ಯಾಪರ್ ಒಂದು ಮರದಿಂದ ಇನ್ನೊಂದಕ್ಕೆ ಕಾಡಿನಲ್ಲಿ ದಾರಿ ಕಡಿಯುತ್ತಾನೆ. ಸುತ್ತಿ ಸುತ್ತಿ ಹೋಗಿ ಮನೆಗೇ ಬಂದು ಸೇರುವ ದಾರಿ, ಅದರ ಉದ್ದಕ್ಕೂ ನೂರು ಇನ್ನೂರು ಮರ. ಒಂದು ಕುಟುಂಬಕ್ಕೆ ಇಂಥ ಎರಡು ಮೂರು ದಾರಿ ಬೇಕು. ಒಟ್ಟು ಕಾಡು ಲೆಕ್ಕ ಹಾಕಿದರೆ ಮುನ್ನೂರು ಹೆಕ್ಟೇರ್, ಅಂದರೆ 700 ಎಕರೆಗೂ ಮೇಲೆ. ಕೇಳಲು ಜಮೀನ್ದಾರಿಕೆ, ಅಸಲಿಗೆ ಕಡು ಬಡತನ.

ಒಂಬತ್ತು ಹತ್ತು ವರ್ಷವಾಗುವಾಗಲೇ ಶಿಕೊ ಅಪ್ಪನ ಹಿಂದೆ ಈ ದಾರಿ ಹಿಡಿದರು. ನಸುಕಿನಲ್ಲಿ ಎದ್ದು ಮರ ಕೆತ್ತಿ ತಗಡಿನ ಬಟ್ಟಲು ಇಟ್ಟುಕೊಂಡು ಒಂದು ಸುತ್ತು, ಮತ್ತೆ ಹಾಲು ಸಂಗ್ರಹಿಸಲು ಅದೇ ದಾರಿಯಲ್ಲಿ ಇನ್ನೊಂದು ಸುತ್ತು. ಸಂಜೆ ಮನೆಗೆ ಬಂದು ಹೊಗೆ ಹಾಕಿ, ಹಾಲನ್ನು ಕೋಲಿನ ಮೇಲೆ ಪದರ ಪದರವಾಗಿ ಸುರಿದು ದೊಡ್ಡ ಉಂಡೆ ಮಾಡಬೇಕು. ಆ ಹೊಗೆ ಕುಡಿದು ಶ್ವಾಸಕೋಶ ಹಾಳು ಮಾಡಿಕೊಂಡವರು ಎಷ್ಟೋ. ಮಳೆಗಾಲದಲ್ಲಿ ಟ್ಯಾಪಿಂಗ್ ನಿಂತರೆ ಬ್ರೆಜಿಲ್ ನಟ್ ಹೆಕ್ಕುವ ಕೆಲಸ. ಶಿಕೊ ತಾಯಿ ಹೆತ್ತ ಮಕ್ಕಳಲ್ಲಿ ಹೆಚ್ಚಿನವು ದೊಡ್ಡವಾಗುವ ಮೊದಲೇ ತೀರಿಕೊಂಡವು.

ಇನ್ನು ಅಂಗಡಿಯ ವಿಷಯ. ಎಸ್ಟೇಟಿಗೆ ಒಂದೇ ಅಂಗಡಿ, ಅದು ಧಣಿಯದ್ದು. ಉಪ್ಪು, ಸೀಮೆಎಣ್ಣೆ, ಕತ್ತಿ, ಬಟ್ಟೆ, ಮದ್ದುಗುಂಡು ಎಲ್ಲ ಅಲ್ಲೇ ಸಾಲಕ್ಕೆ ತರಬೇಕು, ರಬ್ಬರ್ ಅಲ್ಲೇ ಹಾಕಬೇಕು. ಸಾಮಾನಿನ ರೇಟು ಅವನದ್ದು, ರಬ್ಬರಿನ ರೇಟೂ ಅವನದ್ದೇ. ತೂಕದಲ್ಲಿ ನೀರಿನ ಅಂಶ ಅಂತ ಒಂದಿಷ್ಟು ಕಡಿತ, ದಾರಿ ಬಳಸಿದ್ದಕ್ಕೆ ಬಾಡಿಗೆ ಬೇರೆ. ನದಿಯಲ್ಲಿ ಬರುವ ಹೊರಗಿನ ವ್ಯಾಪಾರಿಗೆ ಕದ್ದು ಮಾರಿ ಸಿಕ್ಕಿಬಿದ್ದರೆ ಶಿಕ್ಷೆ. ವ್ಯಾಪಾರ ಮಾಡುವವರಿಗೆ ಗೊತ್ತಿರುತ್ತದೆ, ಸಾಲ ಕೊಟ್ಟ ಅಂಗಡಿಯವನಿಗೂ ಗಿರಾಕಿ ಕೈತಪ್ಪುವ ಭಯ ಇರುತ್ತದೆ. ಇಲ್ಲಿ ಆ ಭಯವೇ ಇರಲಿಲ್ಲ. ಶಾಲೆ ಕೂಡದು ಎಂಬ ಕಟ್ಟುನಿಟ್ಟೂ ಇತ್ತು. ಓದು ಬಂದರೆ ಮೊದಲು ಓದುವುದು ಸಾಲದ ಪುಸ್ತಕವನ್ನೇ ತಾನೆ.

ಶಿಕೊ ಓದು ಕಲಿತದ್ದು ವಿಚಿತ್ರ ರೀತಿಯಲ್ಲಿ. ಎಸ್ಟೇಟಿನ ಒಳಗೆ ಯೂಕ್ಲಿಡೆಸ್ ಫೆರ್ನಾಂಡೊ ತಾವೊರ ಎಂಬ ಮಾಜಿ ಸೇನಾಧಿಕಾರಿ ಬಂದು ನೆಲೆಸಿದ್ದರು. 1935ರ ಕಮ್ಯುನಿಸ್ಟ್ ದಂಗೆಯಲ್ಲಿದ್ದು, ಆಮೇಲೆ ತಲೆಮರೆಸಿಕೊಂಡು ಬೊಲಿವಿಯಾ ಸುತ್ತಿ ಬಂದವರು. ವಾರದ ಕೊನೆಗೆ ಹುಡುಗ ಕಾಡಿನಲ್ಲಿ ಗಂಟೆಗಟ್ಟಲೆ ನಡೆದು ಇವರ ಗುಡಿಸಲಿಗೆ ಹೋಗುತ್ತಿದ್ದ. ಪಠ್ಯಪುಸ್ತಕ ಎಲ್ಲಿಂದ ಬರಬೇಕು? ಹಳೆ ಪೇಪರಿನಲ್ಲಿ ಅಕ್ಷರಾಭ್ಯಾಸ, ರಾತ್ರಿ ರೇಡಿಯೊದಲ್ಲಿ ಬಿಬಿಸಿ, ಮಾಸ್ಕೊ, ಅಮೆರಿಕ ಮೂರರ ಪೋರ್ಚುಗೀಸ್ ವಾರ್ತೆ. ಒಂದೇ ಸುದ್ದಿಯನ್ನು ಮೂವರು ಮೂರು ರೀತಿ ಹೇಳುವುದನ್ನು ಕೇಳಿ ಬೆಳೆದವರಿಗೆ ಸುಲಭದಲ್ಲಿ ಮೋಸ ಮಾಡಲಾಗದು.

ಅಷ್ಟರಲ್ಲಿ ಅಮೆಜಾನ್ ರಬ್ಬರಿನ ಕಾಲ ಮುಗಿಯುತ್ತಾ ಬಂದಿತ್ತು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವ ಅಲ್ಲಿಂದ ಸುಮಾರು 70,000 ಬೀಜ ಸಾಗಿಸಿ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಮುಟ್ಟಿಸಿದ್ದ. ಅಲ್ಲಿ ಮೊಳೆತ ಗಿಡಗಳು ಸಿಲೋನಿಗೆ, ಮಲಯಾಕ್ಕೆ ಹೋದವು; ಮುಂದೆ ಕೇರಳ, ಕರಾವಳಿಗೂ ಬಂದವು. ಏಷ್ಯಾದಲ್ಲಿ ಆ ಎಲೆ ರೋಗ ಇರಲಿಲ್ಲ. 1913ರ ಹೊತ್ತಿಗೆ ತೋಟದ ರಬ್ಬರ್ ಕಾಡಿನ ರಬ್ಬರನ್ನು ಹಿಂದೆ ಹಾಕಿತು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಮಲಯಾ ಹಿಡಿದಾಗ ಅಮೆಜಾನಿಗೆ ಮತ್ತೆ ನಾಲ್ಕು ದಿನ ಬೇಡಿಕೆ ಬಂತು, ಬರಗಾಲದ ಈಶಾನ್ಯ ಬ್ರೆಜಿಲಿನಿಂದ ಸಾವಿರಾರು ಜನರನ್ನು ತಂದು ಕಾಡಿಗೆ ಬಿಟ್ಟರು. ಯುದ್ಧ ಮುಗಿಯಿತು, ಅವರನ್ನು ಕೇಳುವವರು ಇಲ್ಲದಾಯಿತು.

ನಿಜವಾದ ಪೆಟ್ಟು ಬಿದ್ದದ್ದು 1970ರ ದಶಕದಲ್ಲಿ. ಮಿಲಿಟರಿ ಸರಕಾರ ಅಮೆಜಾನಿಗೆ ರಸ್ತೆ ತಂದಿತು, ದಕ್ಷಿಣದ ಶ್ರೀಮಂತರಿಗೆ ಜಾಗ ತೆಗೆದುಕೊಳ್ಳಿ ಅಂತ ರಿಯಾಯಿತಿ ಕೊಟ್ಟಿತು. ಸಾಲದಲ್ಲಿದ್ದ ರಬ್ಬರ್ ಧಣಿಗಳು ಎಸ್ಟೇಟನ್ನು ಒಳಗಿದ್ದ ಜನರ ಸಮೇತ ಮಾರಿದರು. ಬೊಲಿವಿಯಾ ಕಾಲದ ಪತ್ರ ಒಂದು, ಬೇರೆ ಸರಕಾರದ ಪತ್ರ ಇನ್ನೊಂದು, ಖೋಟಾ ಪತ್ರ ಮತ್ತೊಂದು. ಗಡಿ ಎಲ್ಲಿ ಅಂತ ಬರೆದವನಿಗೂ ಗೊತ್ತಿಲ್ಲ. ಕೊಂಡವರಿಗೆ ರಬ್ಬರ್ ಬೇಡ, ದನ ಮೇಯಿಸಲು ಹುಲ್ಲುಗಾವಲು ಬೇಕು. ಕಾಡು ಕಡಿದು ಬೆಂಕಿ ಕೊಟ್ಟರು. ಏಳದ ಕುಟುಂಬಗಳ ಗುಡಿಸಲಿಗೂ ಬೆಂಕಿ ಬಿತ್ತು. ಎಷ್ಟೋ ಜನ ರಾಜಧಾನಿ ರಿಯೊ ಬ್ರಾಂಕೊದ ಕೊಳೆಗೇರಿ ಸೇರಿದರು, ಕೆಲವರು ಗಡಿ ದಾಟಿ ಬೊಲಿವಿಯಾಕ್ಕೆ ಹೋದರು. ಅನುಭೋಗದಲ್ಲಿ ಇದ್ದವರಿಗೂ ಕಾನೂನಿನಲ್ಲಿ ಹಕ್ಕು ಉಂಟು ಎಂಬುದು ಅವರಿಗೆ ತಿಳಿದದ್ದೇ ಕಾರ್ಮಿಕ ಸಂಘ ಬಂದ ಮೇಲೆ.

1975ರಲ್ಲಿ ಪಕ್ಕದ ಬ್ರಸಿಲೆಯಾ ಪೇಟೆಯಲ್ಲಿ ಸಂಘ ಶುರುವಾದಾಗ ಓದುಬರಹ ಬರುವ ಶಿಕೊ ಅದರ ಕಾರ್ಯದರ್ಶಿಯಾದರು. ಅಧ್ಯಕ್ಷರು ವಿಲ್ಸನ್ ಪಿನ್ಯೆರೊ. 1976ರಿಂದ ಎಂಪಾಚೆ ಎಂಬ ಹೋರಾಟ ಆರಂಭ. ಅಂದರೆ ಅಡ್ಡ ನಿಲ್ಲುವುದು. ಎಲ್ಲಿ ಮರ ಕಡಿಯುತ್ತಾರೆ ಅಂತ ಗೊತ್ತಾದ ಕೂಡಲೇ ನೂರಿನ್ನೂರು ಜನ ಕಾಡಿನಲ್ಲಿ ನಡೆದು ಹೋಗಿ ಗರಗಸದ ಮುಂದೆ ನಿಲ್ಲುವುದು. ಎಷ್ಟೋ ಸಲ ಹೆಂಗಸರು, ಮಕ್ಕಳು ಮುಂದೆ. ಕಡಿಯುವವರೂ ಕೂಲಿಗೆ ಬಂದ ಬಡವರೇ. ಅವರ ಜತೆ ಮಾತಾಡಿ, ಒಪ್ಪಿಸಿ, ಕ್ಯಾಂಪ್ ಬಿಚ್ಚಿಸಿ ಕಳಿಸುವುದು. ಶಿಕೊ ಕೊಟ್ಟ ಲೆಕ್ಕದ ಪ್ರಕಾರ ಒಟ್ಟು 45 ಎಂಪಾಚೆಗಳಲ್ಲಿ ಗೆದ್ದದ್ದು 15. ಸೋತದ್ದೇ ಜಾಸ್ತಿ. ಸೋಲಿನ ಲೆಕ್ಕವನ್ನೂ ಮುಚ್ಚಿಡದ ನಾಯಕರು ಅಪರೂಪ ಬಿಡಿ.

1980ರ ಜುಲೈ 21ರಂದು ಪಿನ್ಯೆರೊ ಅವರನ್ನು ಸಂಘದ ಕಚೇರಿಯಲ್ಲೇ ಗುಂಡಿಟ್ಟು ಕೊಂದರು. ಸಿಟ್ಟಿಗೆದ್ದ ಟ್ಯಾಪರ್‌ಗಳು ಒಬ್ಬ ರಾಂಚ್ ಮೇಲ್ವಿಚಾರಕನನ್ನು ಕೊಂದರು. ಮೊದಲ ಕೊಲೆಯ ತನಿಖೆ ತೆವಳಿತು, ಎರಡನೆಯದಕ್ಕೆ ನೂರಾರು ಜನ ಪೊಲೀಸರ ಕೈಯಲ್ಲಿ ಪೆಟ್ಟು ತಿಂದರು. ಪ್ರಚೋದನೆ ಕೊಟ್ಟ ಆರೋಪದಲ್ಲಿ ಶಿಕೊ ಮೇಲೂ, ಮುಂದೆ ದೇಶದ ಅಧ್ಯಕ್ಷರಾದ ಲೂಲಾ ಮೇಲೂ ಮಿಲಿಟರಿ ಕೋರ್ಟಿನಲ್ಲಿ ಕೇಸಾಗಿ, 1984ರಲ್ಲಿ ಖುಲಾಸೆಯಾಯಿತು. ಶಿಕೊ ಶಪುರಿಯ ಕೌನ್ಸಿಲರ್ ಆಗಿದ್ದರು. ಆಮೇಲೆ ದೊಡ್ಡ ಚುನಾವಣೆಗೆ ನಿಂತು ಸೋತರು. ಮತ ತರುವುದರಲ್ಲಿ ಅವರು ಅಷ್ಟಕ್ಕಷ್ಟೆ.

ಅವರ ದೊಡ್ಡ ಕೆಲಸ ಬೇರೆಯೇ. ಸರಕಾರ ಆಗ ಕಾಡು ಕಳೆದುಕೊಂಡವರಿಗೆ ಚೌಕಾಕಾರದ ಪ್ಲಾಟ್ ಕೊಡಲು ಮುಂದೆ ಬಂದಿತ್ತು, ಹೆಸರಿಗೆ ಪಟ್ಟಾ ಸಮೇತ. ಯಾರಾದರೂ ಕೈಮುಗಿದು ತೆಗೆದುಕೊಳ್ಳುವಂಥದ್ದು. ಆದರೆ ಸುತ್ತಿ ಸುತ್ತಿ ಹೋಗುವ ರಬ್ಬರ್ ದಾರಿಯನ್ನು ಚೌಕದೊಳಗೆ ತುರುಕುವುದು ಹೇಗೆ? ಅರ್ಧ ಮರ ಇವನ ಪ್ಲಾಟಿನಲ್ಲಿ, ಅರ್ಧ ಅವನದ್ದರಲ್ಲಿ. ಕೈಗೆ ಪಟ್ಟಾ ಬಂದರೆ ಮೊದಲ ಕಾಯಿಲೆಗೆ, ಮೊದಲ ಮದುವೆಗೆ ಮಾರಿಹೋಗುವುದೂ ಖಚಿತ. 1985ರ ಅಕ್ಟೋಬರಿನಲ್ಲಿ ಬೇರೆ ಬೇರೆ ನದಿ ತೀರಗಳ ನೂರಕ್ಕೂ ಮಿಕ್ಕಿ ಟ್ಯಾಪರ್‌ಗಳು ರಾಜಧಾನಿ ಬ್ರೆಸಿಲಿಯಾದಲ್ಲಿ ಸೇರಿದರು. ಹೆಚ್ಚಿನವರು ತಮ್ಮ ಪ್ರಾಂತ್ಯ ದಾಟಿದ್ದೇ ಮೊದಲ ಸಲ. ಮಾನವಶಾಸ್ತ್ರಜ್ಞೆ ಮೇರಿ ಅಲೆಗ್ರೆಟ್ಟಿ ಸಹಕಾರವೂ ಇತ್ತು. ಅಲ್ಲಿ ಹುಟ್ಟಿದ ಬೇಡಿಕೆ ಹೀಗಿತ್ತು: ಜಾಗ ಸರಕಾರದ್ದೇ ಆಗಿರಲಿ, ಯಾರ ಹೆಸರಿಗೂ ಬೇಡ, ಒಳಗಿರುವವರಿಗೆ ರಬ್ಬರ್, ನಟ್ ತೆಗೆದು ಬದುಕುವ ಹಕ್ಕು ಬರೆದುಕೊಡಿ, ಹೊರಗಿನವರಿಗೆ ಮಾರುವ ಹಕ್ಕು ಮಾತ್ರ ಯಾರಿಗೂ ಬೇಡ. ತಮಗೆ ಪಟ್ಟಾ ಬೇಡ ಅಂತ ಬಡವರೇ ಹೇಳಿದ್ದು ಅಧಿಕಾರಿಗಳಿಗೆ ಅರ್ಥವಾಗಲು ಸಮಯ ಹಿಡಿಯಿತು.

1987ರಲ್ಲಿ ಶಿಕೊ ಅಮೆರಿಕಕ್ಕೆ ಹೋದರು. ಆಕ್ರೆಗೆ ಬರುವ ಹೆದ್ದಾರಿಗೆ ಡಾಂಬರು ಹಾಕಲು ಸಾಲ ಕೊಡುತ್ತಿದ್ದ ಅಂತರರಾಷ್ಟ್ರೀಯ ಬ್ಯಾಂಕಿನವರ ಮುಂದೆ, ರಸ್ತೆಯ ಹಿಂದೆಯೇ ಗರಗಸ ಬರುತ್ತದೆ ಎಂಬುದನ್ನು ವಿವರಿಸಿದರು. ಸಾಲ ತಡೆಹಿಡಿಯಲಾಯಿತು. ಅದೇ ವರ್ಷ ವಿಶ್ವಸಂಸ್ಥೆಯ ಗ್ಲೋಬಲ್ 500 ಪ್ರಶಸ್ತಿ ಬಂತು. ಊರಿನಲ್ಲಿ ಎಲ್ಲರಿಗೂ ಖುಷಿಯಾಗಲಿಲ್ಲ. ರಸ್ತೆ ಬೇಕಾಗಿದ್ದ ವ್ಯಾಪಾರಿಗಳಿಗೆ, ರಾಂಚ್ ಮಾಲೀಕರಿಗೆ ಅವರು ಅಭಿವೃದ್ಧಿಗೆ ಅಡ್ಡ ಬಂದ ಮನುಷ್ಯ. ಆಸ್ಪತ್ರೆಗೆ ರೋಗಿಯನ್ನು ದೋಣಿಯಲ್ಲಿ ಮಲಗಿಸಿ ಸಾಗಿಸಿದವರಿಗೆ ರಸ್ತೆ ಬೇಕೇ ಬೇಕು. ಆ ಸಿಟ್ಟನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ಶಿಕೊ ಸಹ ರಸ್ತೆಯೇ ಬೇಡ ಅಂದವರಲ್ಲ, ಮೊದಲು ಕಾಡಿಗೂ ಜನರಿಗೂ ರಕ್ಷಣೆ ಕೊಡಿ ಅಂದವರು. 1988ರಲ್ಲಿ ಶಪುರಿಯಲ್ಲಿ ಟ್ಯಾಪರ್‌ಗಳದ್ದೇ ಸಹಕಾರ ಸಂಘವೂ ಆಯಿತು. ಧಣಿ, ದಲ್ಲಾಳಿ ಇಬ್ಬರನ್ನೂ ಬಿಟ್ಟು ನೇರ ಮಾರುವುದು ಉದ್ದೇಶ.

ಅದೇ ವರ್ಷ ಡಾರ್ಲಿ ಅಲ್ವೆಸ್ ಎಂಬ ರಾಂಚ್ ಮಾಲೀಕ ಕಶುಯೇರ ಎಂಬ ಎಸ್ಟೇಟಿನ ಮೇಲೆ ಹಕ್ಕು ಸಾಧಿಸಲು ಬಂದ. ಅದು ಶಿಕೊ ಬೆಳೆದ, ಅವರ ನೆಂಟರಿಷ್ಟರು ಇದ್ದ ಜಾಗ. ಟ್ಯಾಪರ್‌ಗಳು ದಾರಿಯಲ್ಲೇ ಟಿಕಾಣಿ ಹೂಡಿ ಬಿಡಲಿಲ್ಲ. ಸರಕಾರ ಕೊನೆಗೆ ಕಶುಯೇರವನ್ನು ವಶಕ್ಕೆ ಪಡೆದು ಟ್ಯಾಪರ್‌ಗಳಿಗೇ ಬಿಟ್ಟುಕೊಟ್ಟಿತು. ಡಾರ್ಲಿ ಮೇಲೆ ಬೇರೆ ಪ್ರಾಂತ್ಯದ ಹಳೇ ಕೊಲೆ ಕೇಸಿನ ವಾರಂಟ್ ಇತ್ತು. ಶಿಕೊ ಕಡೆಯವರು ಅದನ್ನು ಹುಡುಕಿ ತರಿಸಿದರೂ ಬಂಧನ ಆಗಲಿಲ್ಲ. ಬೆದರಿಕೆ ಹೆಚ್ಚಿತು. ಕಾವಲಿಗೆ ಇಬ್ಬರು ಪೊಲೀಸರನ್ನು ಕೊಟ್ಟರು.

44 ತುಂಬಿ ಒಂದೇ ವಾರ. 1988ರ ಡಿಸೆಂಬರ್ 22ರ ಸಂಜೆ ಶಪುರಿಯ ಸಣ್ಣ ಮರದ ಮನೆಯ ಅಡುಗೆಕೋಣೆಯಲ್ಲಿ ಶಿಕೊ ಕಾವಲಿನವರ ಜತೆ ಡೊಮಿನೊ ಆಡುತ್ತಿದ್ದರು. ಊಟಕ್ಕೆ ಮೊದಲು ಸ್ನಾನ ಮಾಡೋಣ ಅಂತ ಟವೆಲ್ ಹೆಗಲಿಗೆ ಹಾಕಿ, ಹಿತ್ತಲಿನ ಬಚ್ಚಲಿಗೆ ಹೋಗಲು ಹಿಂದಿನ ಬಾಗಿಲು ತೆಗೆದರು. ಕತ್ತಲಿನಿಂದ ಬಂದೂಕು ಸಿಡಿಯಿತು. ಹೆಂಡತಿ, ಇಬ್ಬರು ಪುಟ್ಟ ಮಕ್ಕಳು ಮನೆಯಲ್ಲೇ ಇದ್ದರು. ಕ್ರಿಸ್‌ಮಸ್ ದಿನ ಮಣ್ಣು ಮಾಡಿದರು. ಮಳೆಯಲ್ಲಿ ಕಾಡಿನಿಂದ ನಡೆದು ಬಂದವರು ಸಾವಿರಾರು.

1990ರ ಡಿಸೆಂಬರಿನಲ್ಲಿ ಡಾರ್ಲಿಗೂ, ಗುಂಡು ಹಾರಿಸಿದ ಮಗ ಡಾರ್ಸಿಗೂ ತಲಾ 19 ವರ್ಷ ಜೈಲಾಯಿತು. 1993ರಲ್ಲಿ ಇಬ್ಬರೂ ಜೈಲಿನಿಂದ ಪರಾರಿಯಾದರು, ಮತ್ತೆ ಸಿಕ್ಕಿದ್ದು 1996ರಲ್ಲಿ. ಶಿಕೊ ಜತೆ ಎಂಪಾಚೆಗಳಲ್ಲಿ ನಡೆದಿದ್ದ, ಹದಿನಾರು ದಾಟಿದ ಮೇಲೆ ಅಕ್ಷರ ಕಲಿತ ಟ್ಯಾಪರ್ ಮಗಳು ಮರೀನಾ ಸಿಲ್ವಾ ಮುಂದೆ ದೇಶದ ಪರಿಸರ ಸಚಿವೆಯಾದರು.

1990ರ ಮಾರ್ಚ್ 12ರಂದು ಸರಕಾರ ಶಿಕೊ ಮೆಂಡೆಸ್ ಹೆಸರಿನಲ್ಲಿ 9,70,570 ಹೆಕ್ಟೇರ್ ಕಾಡನ್ನು ಮೀಸಲಿಟ್ಟಿತು. ಬ್ರೆಸಿಲಿಯಾದಲ್ಲಿ ಕೇಳಿದ್ದ ಹಾಗೆಯೇ: ಜಾಗ ಸರಕಾರದ್ದು, ಬಳಕೆ ಒಳಗಿನವರದ್ದು, ಮಾರಾಟ ಇಲ್ಲ. ಆದರೆ ರಬ್ಬರ್ ರೇಟು ಬಿದ್ದಾಗ ಒಳಗಿನವರೇ ದನ ಕಟ್ಟಲು ಶುರು ಮಾಡಿದರು. ಕಷ್ಟಕಾಲಕ್ಕೆ ಹಸು ತಾನೇ ನಡೆದು ಮಾರುಕಟ್ಟೆಗೆ ಬರುತ್ತದೆ, ರಬ್ಬರ್ ಬರುವುದಿಲ್ಲ ಎಂಬ ಲೆಕ್ಕ. ಮೀಸಲು ಕಾಡಿನೊಳಗೂ ಈಗ ಹುಲ್ಲುಗಾವಲು ಹಬ್ಬುತ್ತಿದೆ, ಕಾನೂನು ಮೀರಿ ಒಳಗಿನ ಜಾಗ ಕೈಬದಲಾಗುವ ಕೇಸುಗಳೂ ಉಂಟು.

ಈಗ ರಿಯೊ ಬ್ರಾಂಕೊದಿಂದ ಶಪುರಿಗೆ ಡಾಂಬರು ರಸ್ತೆ, ಸುಮಾರು 180 ಕಿಲೋಮೀಟರ್. ಎರಡೂ ಬದಿ ಹೆಚ್ಚಿನ ದೂರ ಬರೀ ಹುಲ್ಲು, ಬಿಳಿ ದನಗಳು. ನಡುನಡುವೆ ಒಂಟಿಯಾಗಿ ನಿಂತ ಎತ್ತರದ ಬ್ರೆಜಿಲ್ ನಟ್ ಮರಗಳು ಕಾಣುತ್ತವೆ. ಅವನ್ನು ಕಡಿಯಬಾರದು ಅಂತ ಕಾನೂನು ಇರುವುದರಿಂದ ಬಿಟ್ಟಿದ್ದಾರೆ. ಆ ಮರದ ಹೂವಿಗೆ ಪರಾಗ ತರುವುದು ಕಾಡಿನ ದೊಡ್ಡ ದುಂಬಿಗಳು. ಸುತ್ತ ಕಾಡಿಲ್ಲದ್ದಕ್ಕೆ ಕಾಯಿ ಹಿಡಿಯುವುದು ಕಡಿಮೆ.