ಜಾನ್ ವೆಸ್ಲಿಯವರ ಲೆಕ್ಕದ ಪುಸ್ತಕ

ನಮ್ಮ ಮನೆಯ ಅಟ್ಟದ ಮೇಲೆ ಮುತ್ತಜ್ಜನ ಕಾಲದ ಒಂದು ಪಾಠಪುಸ್ತಕವಿದೆ. ಹುಳು ತಿಂದು ಉಳಿದ ಅದರ ಮೊದಲ ಪುಟದಲ್ಲಿ ಮೈಸೂರಿನ ವೆಸ್ಲಿಯನ್ ಮಿಶನ್ ಮುದ್ರಣಾಲಯದ ಹೆಸರು ಅಚ್ಚಾಗಿದೆ. ಚಿಕ್ಕಂದಿನಲ್ಲಿ ಅದನ್ನು ಎಷ್ಟೋ ಸಲ ಓದಿದ್ದರೂ, ವೆಸ್ಲಿ ಎಂಬುದು ಊರಿನ ಹೆಸರೋ ಮನುಷ್ಯನ ಹೆಸರೋ ಎಂದು ನಾನು ವಿಚಾರಿಸಿದವನಲ್ಲ. ಕಳೆದ ವರ್ಷ ಇಂಗ್ಲೆಂಡಿನ ಚರಿತ್ರೆಯನ್ನು ಓದುತ್ತಿದ್ದಾಗ ಆ ಹೆಸರು ಮತ್ತೆ ಎದುರಾಯಿತು. ಕುತೂಹಲದಿಂದ ಗ್ರಂಥಾಲಯದಲ್ಲಿದ್ದ ಅವರ ಜೀವನಚರಿತ್ರೆಯನ್ನು ತಂದು ಓದಿದೆ. ನಾನು ಕ್ರೈಸ್ತನಲ್ಲ, ಅವರ ಮತತತ್ತ್ವಗಳನ್ನು ವಿಮರ್ಶಿಸುವ ಯೋಗ್ಯತೆಯೂ ನನಗಿಲ್ಲ. ಆದರೆ ಹಣದ ವಿಷಯದಲ್ಲಿ ಆ ಮಹನೀಯರು ನಡೆದುಕೊಂಡ ರೀತಿ ಕೆಲವು ದಿನ ನನ್ನ ನಿದ್ದೆಗೆಡಿಸಿತು. ಅದಕ್ಕೆ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಜಾನ್ ವೆಸ್ಲಿಯವರು 1703ರಲ್ಲಿ ಇಂಗ್ಲೆಂಡಿನ ಎಪ್‌ವರ್ತ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆ ಸಾಮ್ಯುಯೆಲ್ ಅಲ್ಲಿಯ ಪಾದ್ರಿ, ತಾಯಿ ಸುಸಾನ. ದಂಪತಿಗಳಿಗೆ ಹುಟ್ಟಿದ ಮಕ್ಕಳು ಹತ್ತೊಂಬತ್ತು. ಅವರಲ್ಲಿ ಅನೇಕರು ಶೈಶವದಲ್ಲಿಯೇ ತೀರಿಕೊಂಡರು. ಸಂಸಾರ ದೊಡ್ಡದು, ವರಮಾನ ಸಾಲದು. 1705ರಲ್ಲಿ, ಜಾನ್ ಇನ್ನೂ ಎರಡು ವರ್ಷದ ಕೂಸಾಗಿದ್ದಾಗ, ಮೂವತ್ತು ಪೌಂಡಿಗೂ ಕಡಿಮೆಯ ಸಾಲಕ್ಕಾಗಿ ತಂದೆಯನ್ನು ಲಿಂಕನ್ ಕೋಟೆಯ ಸೆರೆಮನೆಗೆ ಹಾಕಿದರು. ಬೇರೇನೂ ಇಲ್ಲದ ತಾಯಿ ತನ್ನ ಉಂಗುರವನ್ನೇ ಸೆರೆಮನೆಗೆ ಕಳುಹಿಸಿದಳು. ಪತಿ ಅದನ್ನು ಇಟ್ಟುಕೊಳ್ಳದೆ ಹಿಂದಿರುಗಿಸಿದನು. ಇಂಥ ಮನೆಯಲ್ಲಿ ಬೆಳೆದ ಹುಡುಗ ಹಣವನ್ನು ದ್ವೇಷಿಸಬೇಕು, ಇಲ್ಲವೆ ಹಣಕ್ಕಾಗಿ ಹಾತೊರೆಯಬೇಕು. ವೆಸ್ಲಿಯವರು ಎರಡನ್ನೂ ಮಾಡಲಿಲ್ಲ.

ಆಕ್ಸ್‌ಫರ್ಡಿನಲ್ಲಿ ಓದಿ 1726ರಲ್ಲಿ ಅಲ್ಲಿಯ ಲಿಂಕನ್ ಕಾಲೇಜಿನ ಫೆಲೋ ಆದರು. ಕೈಯಲ್ಲಿ ಸ್ವಂತದ ಹಣ ಓಡಾಡತೊಡಗಿತು. ಅವರೂ ಅವರ ತಮ್ಮ ಚಾರ್ಲ್ಸರೂ ಕೆಲವು ಗೆಳೆಯರೂ ಸೇರಿ ನಿಯಮಬದ್ಧವಾಗಿ ಪ್ರಾರ್ಥನೆ ಮಾಡುವುದು, ಸೆರೆಮನೆಗೆ ಹೋಗಿ ಕೈದಿಗಳನ್ನು ಕಾಣುವುದು, ಬಡಮಕ್ಕಳನ್ನು ಓದಿಸುವುದು ಮೊದಲಾದ ಕೆಲಸಗಳನ್ನು ಕೈಗೊಂಡರು. ಇವರ ಕಟ್ಟುನಿಟ್ಟನ್ನು ಕಂಡು ಸಹಪಾಠಿಗಳು ನಕ್ಕು ಇಟ್ಟ ಅಡ್ಡಹೆಸರೇ ಮೆಥಡಿಸ್ಟ್. ಮುಂದೆ ಅದೇ ಒಂದು ದೊಡ್ಡ ಪಂಥದ ಹೆಸರಾಯಿತು.

ಆ ದಿನಗಳ ಒಂದು ಚಳಿಗಾಲದಲ್ಲಿ, ಅವರು ಓದಿಸುತ್ತಿದ್ದ ಒಬ್ಬ ಬಡ ಹುಡುಗಿ ಅವರನ್ನು ನೋಡಲು ಬಂದಳು. ಮೈಮೇಲೆ ತೆಳುವಾದ ಒಂದು ನಾರುಬಟ್ಟೆಯ ಉಡುಪು ಬಿಟ್ಟರೆ ಬೇರೆ ಹೊದಿಕೆಯಿಲ್ಲ. ವೆಸ್ಲಿಯವರು ಜೇಬಿಗೆ ಕೈಹಾಕಿದರು. ಅಲ್ಲಿ ಹೇಳಿಕೊಳ್ಳುವಷ್ಟು ಹಣವಿರಲಿಲ್ಲ. ಕೋಣೆಯ ಗೋಡೆಗೆ ಚಿತ್ರಪಟಗಳನ್ನು ಕೊಂಡು ಆಗಿಹೋಗಿತ್ತು. ತಲೆಯೆತ್ತಿ ಆ ಚಿತ್ರಗಳನ್ನು ನೋಡಿದಾಗ ಅವರಿಗೆ ಅಲ್ಲಿ ಕಂಡದ್ದು ಕಲೆಯಲ್ಲ, ಆ ಹುಡುಗಿಯ ರಕ್ತ. ಇದನ್ನು ಅವರು ಮುಪ್ಪಿನಲ್ಲಿಯೂ ಮರೆಯಲಿಲ್ಲ; ಸಭೆಯ ಮುಂದೆ ತಮ್ಮ ತಪ್ಪೆಂದೇ ಹೇಳಿಕೊಂಡರು.

ತಮ್ಮ ಇನ್ನೊಂದು ಪ್ರಸಂಗದಲ್ಲಿ ಅವರು ಆಕ್ಸ್‌ಫರ್ಡಿನ ತರುಣನೊಬ್ಬನ ಲೆಕ್ಕವನ್ನು ಹೆಸರು ಹೇಳದೆ ಕೊಟ್ಟಿದ್ದಾರೆ. ಆ ತರುಣನು ಅವರೇ ಎಂಬುದು ಚರಿತ್ರಕಾರರ ಅಭಿಪ್ರಾಯ. ಮೊದಲ ವರ್ಷ ವರಮಾನ 30 ಪೌಂಡು; ಜೀವನಕ್ಕೆ 28, ದಾನಕ್ಕೆ 2. ಎರಡನೆಯ ವರ್ಷ ವರಮಾನ 60; ಜೀವನಕ್ಕೆ ಅದೇ 28, ದಾನಕ್ಕೆ 32. ಮೂರನೆಯ ವರ್ಷ 90 ಬಂದಾಗ 62, ನಾಲ್ಕನೆಯ ವರ್ಷ 120 ಬಂದಾಗ 92 ಬಡವರಿಗೆ ಸಂದಿತು. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಬೇಡುತ್ತೇನೆ. ನಾವು ಸಾಮಾನ್ಯವಾಗಿ ದಾನ ಮಾಡುವುದು ಖರ್ಚು ಕಳೆದು ಮಿಕ್ಕದ್ದನ್ನು. ವರಮಾನ ಏರಿದಂತೆ ಖರ್ಚೂ ಏರುವುದರಿಂದ ಮಿಗುವುದೇ ಇಲ್ಲ. ವೆಸ್ಲಿಯವರು ಖರ್ಚಿಗೆ ಮೊದಲೇ ಗೆರೆ ಎಳೆದರು. ಗೆರೆಯ ಆಚೆಯದು ಎಷ್ಟಾದರೂ ಆಗಲಿ, ಅದು ತಮ್ಮದಲ್ಲ. ಬೈಬಲಿನಲ್ಲಿ ಬರುವ ಮನೆವಾರ್ತೆಯವನಂತೆ ಮನುಷ್ಯನು ದೇವರ ಹಣವನ್ನು ನೋಡಿಕೊಳ್ಳುವವನೇ ಹೊರತು ಒಡೆಯನಲ್ಲ ಎಂಬುದು ಅವರ ನಂಬಿಕೆ. ಆದುದರಿಂದ ಕೊಡುವುದು ಅವರಿಗೆ ಔದಾರ್ಯವಾಗಿರಲಿಲ್ಲ, ಒಪ್ಪಿಸಬೇಕಾದ ಲೆಕ್ಕವಾಗಿತ್ತು.

1735ರಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಧರ್ಮಪ್ರಚಾರಕ್ಕೆಂದು ಹೋಗಿ, ಸೋತು, ಮನನೊಂದು 1738ರಲ್ಲಿ ಹಿಂದಿರುಗಿದರು. ಆ ವರ್ಷದ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಭೆಯಲ್ಲಿ ಅವರ ಮನಸ್ಸಿಗೆ ಹೊಸ ಬೆಳಕು ಮೂಡಿತು. ಮರುವರ್ಷ ಬ್ರಿಸ್ಟಲಿನಲ್ಲಿ ಬಯಲಿನಲ್ಲಿಯೇ ನಿಂತು ಬೋಧಿಸತೊಡಗಿದರು. ಕೇಳಲು ಬಂದವರಲ್ಲಿ ಕಲ್ಲಿದ್ದಲ ಗಣಿಯ ಕೂಲಿಗಳು ಬಹಳ. ಅಲ್ಲಿಂದ ಐವತ್ತು ವರ್ಷ, ಬಹುಪಾಲು ಕುದುರೆಯ ಬೆನ್ನ ಮೇಲೆಯೇ, ಅವರು ಊರೂರು ತಿರುಗಿದರು.

ಬ್ರಿಸ್ಟಲಿನಲ್ಲಿ ಕಟ್ಟಿಸಿದ ಸಭಾಗೃಹದ ಸಾಲ ಉಳಿದಿತ್ತು. 1742ರ ಫೆಬ್ರವರಿಯಲ್ಲಿ ಅದಕ್ಕಾಗಿ ಸೇರಿದ ಕೂಟದಲ್ಲಿ ಒಬ್ಬೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಬೇಕೆಂಬ ಸಲಹೆ ಬಂತು. ಅನೇಕರಿಗೆ ಅದಕ್ಕೂ ಗತಿಯಿಲ್ಲವೆಂದು ಯಾರೋ ಆಕ್ಷೇಪಿಸಿದರು. ಆಗ ಫಾಯ್ ಎಂಬ ನಾವಿಕನು ಎದ್ದು, ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ತನಗೆ ಒಪ್ಪಿಸಬೇಕೆಂದೂ, ವಾರವಾರವೂ ಅವರ ಮನೆಗೆ ಹೋಗುವೆನೆಂದೂ, ಅವರು ಕೊಡಲಾರದಿದ್ದರೆ ಅವರ ಪಾಲನ್ನೂ ತಾನೇ ಕೊಡುವೆನೆಂದೂ ಹೇಳಿದನು. ಇತರರೂ ಹಾಗೆಯೇ ಒಪ್ಪಿಕೊಂಡರು. ಪೆನ್ನಿಗಾಗಿ ಮನೆಮನೆಗೆ ಹೋದವರು ಅಲ್ಲಿಯ ಕಷ್ಟಸುಖಗಳನ್ನು ಕಂಡರು. ಮೆಥಡಿಸ್ಟರ ಚಿಕ್ಕ ಚಿಕ್ಕ ತಂಡಗಳ ವ್ಯವಸ್ಥೆ ಹುಟ್ಟಿದ್ದು ಹೀಗೆ. ಕೊಡುವ ಗೌರವ ಧನಿಕರ ಸ್ವತ್ತಲ್ಲವೆಂಬುದನ್ನು ಇದು ತೋರಿಸುತ್ತದೆ.

ಲಂಡನ್ನಿನಲ್ಲಿ ಹಳೆಯ ಫಿರಂಗಿ ಎರಕದ ಕಾರ್ಖಾನೆಯೊಂದು ಅವರ ಕೇಂದ್ರವಾಗಿತ್ತು. ಅಲ್ಲಿ 1746ರಲ್ಲಿ ಬಡವರಿಗೆ ಔಷಧಾಲಯವನ್ನೂ ಸಾಲದ ನಿಧಿಯೊಂದನ್ನೂ ತೆರೆದರು. ನಿಧಿಯಿಂದ 20 ಷಿಲಿಂಗಿನವರೆಗೆ ಸಾಲ. ಮೂರು ತಿಂಗಳಲ್ಲಿ ವಾರವಾರ ತೀರಿಸಬೇಕು. ಅಲ್ಪ ಮೂಲಧನದಿಂದಲೇ ಒಂದು ವರ್ಷದಲ್ಲಿ 250 ಮಂದಿಗೆ ನೆರವಾಯಿತು. ಮುಂದೆ ಜೇಮ್ಸ್ ಲ್ಯಾಕಿಂಗ್ಟನ್ ಎಂಬ ಚಮ್ಮಾರನು ಈ ನಿಧಿಯಿಂದ 5 ಪೌಂಡು ಪಡೆದು ಪುಸ್ತಕದ ಅಂಗಡಿಯನ್ನು ಬೆಳೆಸಿ ಲಂಡನ್ನಿನ ಬಹುದೊಡ್ಡ ಪುಸ್ತಕವ್ಯಾಪಾರಿಯಾದನು. ಅವನೇ ತನ್ನ ಆತ್ಮಕಥೆಯಲ್ಲಿ ಮೆಥಡಿಸ್ಟರನ್ನು ಹಾಸ್ಯಮಾಡಿದನು! ಅದೇ ಕೇಂದ್ರದಲ್ಲಿ ಅನಾಥ ವಿಧವೆಯರಿಗೆ ಆಶ್ರಯವಿತ್ತು. ವೆಸ್ಲಿಯವರು ಊರಿನಲ್ಲಿದ್ದಾಗ ಅವರ ಪಂಕ್ತಿಯಲ್ಲಿಯೇ ಕುಳಿತು ಅವರುಂಡುದನ್ನೇ ಉಣ್ಣುತ್ತಿದ್ದರು.

ಜನರಿಗೆಂದು ಅಗ್ಗದ ಬೆಲೆಗೆ ಅಚ್ಚು ಹಾಕಿಸಿದ ಪುಸ್ತಕಗಳು ವಿಪರೀತ ಮಾರಾಟವಾಗಿ ಅವರನ್ನು ತಮಗರಿವಿಲ್ಲದೆ ಶ್ರೀಮಂತರನ್ನಾಗಿ ಮಾಡಿದುವು. ಗೆರೆ ಮಾತ್ರ ಸರಿಯಲಿಲ್ಲ. 1776ರಲ್ಲಿ, ಇಷ್ಟು ಪ್ರಸಿದ್ಧರ ಮನೆಯಲ್ಲಿ ಸುಂಕ ಕಟ್ಟದ ಬೆಳ್ಳಿಯ ಪಾತ್ರೆಗಳಿರಬೇಕೆಂದು ಸರಕಾರದ ಸುಂಕದ ಇಲಾಖೆ ಕಾಗದ ಬರೆಯಿತು. ಲಂಡನ್ನಿನಲ್ಲಿ ಎರಡು, ಬ್ರಿಸ್ಟಲಿನಲ್ಲಿ ಎರಡು ಬೆಳ್ಳಿಯ ಚಮಚಗಳಿವೆಯೆಂದೂ, ಸುತ್ತಲಿನವರಿಗೆ ರೊಟ್ಟಿಯಿಲ್ಲದಿರುವಾಗ ಇನ್ನು ಹೆಚ್ಚಿಗೆ ಕೊಳ್ಳುವುದಿಲ್ಲವೆಂದೂ ಅವರು ಉತ್ತರ ಬರೆದರು. 1785ರ ಜನವರಿಯಲ್ಲಿ, 81 ವರ್ಷದ ಆ ಮುದುಕರು ಬಡವರ ಬಟ್ಟೆಗಾಗಿ ಐದು ದಿನ ಲಂಡನ್ನಿನ ಬೀದಿಗಳಲ್ಲಿ ಹರಡಿನವರೆಗೆ ಕರಗಿದ ಹಿಮದಲ್ಲಿ ನಡೆದು 200 ಪೌಂಡು ಬೇಡಿ ತಂದರು. ತಮ್ಮದನ್ನು ಕೊಟ್ಟವರಿಗೆ ಪರರ ಬಾಗಿಲಲ್ಲಿ ಕೈಯೊಡ್ಡಲು ಸಂಕೋಚವಾಗಲಿಲ್ಲ.

ಅವರನ್ನು ದೋಷವಿಲ್ಲದವರೆಂದು ನಾನು ಹೇಳುತ್ತಿಲ್ಲ. 1751ರಲ್ಲಿ ಮಾಡಿಕೊಂಡ ವಿವಾಹ ಸುಖಕರವಾಗಲಿಲ್ಲ. ಊರಿಗೆಲ್ಲ ಬೇಕಾದವರು ಮನೆಗೆ ದೊರೆಯಲಿಲ್ಲ. ದಾನದಿಂದಲೇ ಬಡತನ ನೀಗುವುದೆಂಬ ಭ್ರಮೆಯೂ ಅವರಿಗಿರಲಿಲ್ಲ. ಕಾಳು ಕಡಿ ತುಟ್ಟಿಯಾದಾಗ, ಧಾನ್ಯವನ್ನು ಮದ್ಯದ ಭಟ್ಟಿಗೆ ಸುರಿಯುವುದನ್ನೂ ಧನಿಕರ ಭೋಗವನ್ನೂ ತೆರಿಗೆಯ ಭಾರವನ್ನೂ ಕಾರಣವಾಗಿ ತೋರಿಸಿ 1773ರಲ್ಲಿ ಒಂದು ಕಿರುಹೊತ್ತಗೆಯನ್ನೇ ಪ್ರಕಟಿಸಿದರು.

ಅವರ ನಿಜವಾದ ವ್ಯಥೆ ಬೇರೆಯದು. ನ್ಯಾಯವಾಗಿ ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು ಎಂಬ ಮೂರು ನಿಯಮಗಳನ್ನು ಅವರು ಜೀವನವಿಡೀ ಬೋಧಿಸಿದ್ದರು. ಅನುಯಾಯಿಗಳು ಕುಡಿತ ಬಿಟ್ಟರು, ದುಡಿದರು, ಉಳಿಸಿದರು, ಸ್ಥಿತಿವಂತರಾದರು. ಮೂರನೆಯದಕ್ಕೆ ಬಂದಾಗ ಬಹುಮಂದಿ ಕಿವುಡರಾದರು. ಭಕ್ತಿಯೇ ಶಿಸ್ತನ್ನೂ, ಶಿಸ್ತೇ ಸಂಪತ್ತನ್ನೂ ತಂದು, ಆ ಸಂಪತ್ತೇ ಭಕ್ತಿಯನ್ನು ನುಂಗುವುದನ್ನು ಅವರು ಕಣ್ಣಾರೆ ಕಂಡರು. ಕೊನೆಯ ವರ್ಷಗಳ ಪ್ರಸಂಗಗಳಲ್ಲಿ ಈ ಎಚ್ಚರಿಕೆ ಮತ್ತೆ ಮತ್ತೆ ಬರುತ್ತದೆ.

1790ರ ಜುಲೈ ತಿಂಗಳಲ್ಲಿ, ನಡುಗುವ ಕೈಯಿಂದ, ಇನ್ನು ಲೆಕ್ಕವಿಡಲಾರೆನೆಂದು ಬರೆದು ತಮ್ಮ ಲೆಕ್ಕದ ಪುಸ್ತಕವನ್ನು ಮುಗಿಸಿದರು. ಉಳಿಸಬಹುದಾದುದನ್ನು ಉಳಿಸಿ, ಕೊಡಬಹುದಾದುದನ್ನು ಕೊಡುತ್ತಿರುವೆನೆಂಬ ತೃಪ್ತಿ ಅವರಿಗಿತ್ತು. 1791ರ ಮಾರ್ಚ್ 2ರಂದು, 87ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ನಿಧನರಾದರು. ಶವವಾಹನವೂ ಸಾರೋಟುಗಳೂ ಬೇಡ, ಆರು ಮಂದಿ ಬಡವರು ತಮ್ಮನ್ನು ಹೊರಲಿ, ಒಬ್ಬೊಬ್ಬರಿಗೂ 20 ಷಿಲಿಂಗು ಸಲ್ಲಲಿ ಎಂದು ಉಯಿಲಿನಲ್ಲಿ ಬರೆದಿಟ್ಟಿದ್ದರು.

ವೆಸ್ಲಿಯವರು ಭಾರತಕ್ಕೆ ಬಂದವರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಪಂಥದವರು ಮೈಸೂರು ಸೀಮೆಗೆ ಬಂದು ಶಾಲೆಗಳನ್ನೂ ಅಚ್ಚುಕೂಟವನ್ನೂ ನಡೆಸಿದರು. 1947ರಲ್ಲಿ ಇಲ್ಲಿಯ ಅವರ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಒಂದಾದುವು. ನಮ್ಮ ಅಟ್ಟದ ಪುಸ್ತಕದ ಮೇಲೆ ಅವರ ಹೆಸರು ಬಂದ ಬಗೆ ಇದು.

ಇನ್ನು ನನ್ನ ಮಾತು. ಕಳೆದ ವರ್ಷ ನನಗೆ ವಿದ್ಯಾರ್ಥಿವೇತನ ಬಂದಿತು. ಹಳೆಯ ಕೈಗಡಿಯಾರ ಸರಿಯಾಗಿಯೇ ನಡೆಯುತ್ತಿದ್ದರೂ ಹೊಸದೊಂದನ್ನು ಕೊಂಡೆ. ಅದೇ ವಾರ, ನನ್ನ ಕೋಣೆಯ ಗೆಳೆಯ ಪರೀಕ್ಷೆಯ ಶುಲ್ಕಕ್ಕೆ ಸಾಲ ಕೇಳಿದ. ಹಣವಿಲ್ಲವೆಂದೆ. ಸುಳ್ಳೇನಲ್ಲ, ಜೇಬು ಬರಿದಾಗಿತ್ತು. ಅವನು ರಾತ್ರಿಯ ಬಸ್ಸಿಗೆ ಊರಿಗೆ ಹೋಗಿ, ತಾಯಿಯ ಓಲೆಯನ್ನು ಒತ್ತೆಯಿಟ್ಟು ಶುಲ್ಕ ಕಟ್ಟಿದ. ನನ್ನನ್ನು ಒಂದು ಮಾತೂ ಆಡಲಿಲ್ಲ. ಆ ಮೇಲೆ ನಾನು ಓದಿದ್ದು ಗೋಡೆಯ ಚಿತ್ರಪಟಗಳ ಪ್ರಸಂಗವನ್ನು.

ಈ ವರ್ಷ ನಾನೂ ಒಂದು ಲೆಕ್ಕದ ಪುಸ್ತಕವನ್ನು ಇಟ್ಟಿದ್ದೇನೆ. ತಿಂಗಳ ಮೊದಲಿಗೆ ಅಗತ್ಯದ ಖರ್ಚು ಬರೆದು ಕೆಳಗೆ ಗೆರೆ ಎಳೆಯುತ್ತೇನೆ. ಎರಡು ತಿಂಗಳು ಆ ಗೆರೆಯನ್ನು ನಾನೇ ದಾಟಿದೆ. ಮೂರನೆಯ ತಿಂಗಳು 240 ರೂಪಾಯಿ ಉಳಿಯಿತು. ದೊಡ್ಡ ಮೊತ್ತವಲ್ಲ, ಆದರೆ ಓಲೆಯನ್ನು ಬಿಡಿಸುವ ಹಣಕ್ಕೆ ಅದನ್ನು ಸೇರಿಸಿಕೊಳ್ಳಲು ಗೆಳೆಯ ಒಪ್ಪಿದ್ದಾನೆ.